ಹಿಮಕಾಡಿನ ಶೋಧಗಳು: ಕಾರ್ಕ್ ಓ'ಕಾನರ್ ಕಾದಂಬರಿ ಸರಣಿ

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ರಾಜಕಾರಣಿಯೊಬ್ಬರ ಹದಿಹರೆಯದ ಮಗಳು ಕಾಣೆಯಾಗುತ್ತಾಳೆ. ಆಕೆಗಾಗಿ ಭಾರಿ ಶೋಧ ಕಾರ್ಯ ಆರಂಭವಾಗುತ್ತದೆ. ರಾಜ್ಯದಾದ್ಯಂತ ಅದೇ ಸುದ್ದಿ. ಅದೇ ದಿನಗಳಲ್ಲಿ ಉತ್ತರದ ಕಾಡಿನಲ್ಲಿ ಪುಟ್ಟ ಬಾಲಕನೊಬ್ಬನಿಗೆ ಆಳವಿಲ್ಲದ ಸಮಾಧಿಯೊಂದು ಕಾಣಿಸುತ್ತದೆ. ಅಲ್ಲಿ ಹೂತಿರುವುದು ಎಲ್ಲರೂ ಹುಡುಕುತ್ತಿರುವ ಹುಡುಗಿಯ ಶವವಲ್ಲ, ಒಜಿಬ್ವೆ ಎಂಬ ಮೂಲನಿವಾಸಿ ಸಮುದಾಯದ ಯುವತಿಯೊಬ್ಬಳ ಶವ. ಈ ಸಾವಿನ ಬಗ್ಗೆ ಅಧಿಕಾರಿಗಳಿಗೆ ವಿಶೇಷ ಆಸಕ್ತಿಯಿಲ್ಲ.

2024ರಲ್ಲಿ ಪ್ರಕಟವಾದ 'ಸ್ಪಿರಿಟ್ ಕ್ರಾಸಿಂಗ್' ಕಾದಂಬರಿ ಹೀಗೆ ಆರಂಭವಾಗುತ್ತದೆ. ಲೇಖಕ ವಿಲಿಯಂ ಕೆಂಟ್ ಕ್ರೂಗರ್ 1998ರಿಂದ ಬರೆಯುತ್ತ ಬಂದಿರುವ ಕಾರ್ಕ್ ಓ'ಕಾನರ್ ಸರಣಿಯ 20ನೇ ಪುಸ್ತಕವಿದು. 2025ರಲ್ಲಿ 21ನೆಯದು ಹೊರಬಂದಿತು. ಕೊಲೆ ಮಾಡಿದವರು ಯಾರು ಎಂಬ ಪ್ರಶ್ನೆ ಎಲ್ಲ ಪತ್ತೇದಾರಿ ಕಾದಂಬರಿಗಳಲ್ಲೂ ಇರುತ್ತದೆ. ಆದರೆ ಯಾರು ಕಾಣೆಯಾದರೆ ಸಮಾಜ ಹುಡುಕಲು ಹೊರಡುತ್ತದೆ, ಯಾರು ಕಾಣೆಯಾದರೆ ಸುಮ್ಮನಿರುತ್ತದೆ ಎಂಬ ಪ್ರಶ್ನೆಯನ್ನು ಇಷ್ಟು ದೀರ್ಘಕಾಲ ಬಿಡದೆ ಕೇಳಿದ ಸರಣಿಗಳು ವಿರಳ.

ಕಥಾನಾಯಕ

ಕೊರ್ಕೊರನ್ ಓ'ಕಾನರ್, ಊರವರ ಬಾಯಲ್ಲಿ ಕಾರ್ಕ್, ಮಿಶ್ರ ಮೂಲದವನು. ತಂದೆಯ ಕಡೆಯಿಂದ ಐರಿಷ್, ತಾಯಿಯ ಕಡೆಯಿಂದ ಒಜಿಬ್ವೆ ರಕ್ತ. ಒಜಿಬ್ವೆ ಜನ ತಮ್ಮನ್ನು ಅನಿಷಿನಾಬೆ ಎಂದೂ ಕರೆದುಕೊಳ್ಳುತ್ತಾರೆ. ಕಾರ್ಕ್ ಟ್ಯಾಮರಾಕ್ ಕೌಂಟಿಯ ಶೆರಿಫ್, ಅಂದರೆ ಮತದಾರರಿಂದ ಚುನಾಯಿತನಾದ ಪೊಲೀಸ್ ಮುಖ್ಯಸ್ಥನಾಗಿದ್ದವನು. ಅವನ ತಂದೆಯೂ ಅದೇ ಹುದ್ದೆಯಲ್ಲಿದ್ದರು.

ಮೊದಲ ಕಾದಂಬರಿ 'ಐರನ್ ಲೇಕ್' ತೆರೆದುಕೊಳ್ಳುವ ವೇಳೆಗೆ ಈ ಮನುಷ್ಯ ಬಹುತೇಕ ಎಲ್ಲವನ್ನೂ ಕಳೆದುಕೊಂಡಿರುತ್ತಾನೆ. ಮೀನುಗಾರಿಕೆಯ ಹಕ್ಕಿನ ಕುರಿತು ಬಿಳಿಯರಿಗೂ ಒಜಿಬ್ವೆಗಳಿಗೂ ನಡೆದ ಸಂಘರ್ಷದಲ್ಲಿ ರಕ್ತ ಹರಿದಿದೆ, ಅವನ ಆಪ್ತ ಹಿರಿಯನೊಬ್ಬ ಹತನಾಗಿದ್ದಾನೆ, ಶೆರಿಫ್ ಹುದ್ದೆ ಕೈಬಿಟ್ಟಿದೆ. ವಕೀಲೆಯಾದ ಪತ್ನಿ ಜೋ ಜತೆಗಿನ ದಾಂಪತ್ಯ ಮುರಿಯುವ ಹಂತದಲ್ಲಿದೆ. ಸರೋವರದ ದಡದಲ್ಲಿ ಆ ಹಿರಿಯನಿಂದ ಬಂದ ಬರ್ಗರ್ ಅಂಗಡಿಯೊಂದೇ ಅವನಿಗೆ ಆಸರೆ. ಹಿಮಬಿರುಗಾಳಿಯ ರಾತ್ರಿ ನ್ಯಾಯಾಧೀಶರೊಬ್ಬರು ಶವವಾಗಿ ಪತ್ತೆಯಾಗುತ್ತಾರೆ. ಪತ್ರಿಕೆ ಹಂಚುವ ಹುಡುಗನೊಬ್ಬ ಕಾಣೆಯಾಗುತ್ತಾನೆ. ಅಧಿಕಾರವಿಲ್ಲದ ಕಾರ್ಕ್ ಹುಡುಕಲು ಹೊರಡುತ್ತಾನೆ.

ಸರಣಿಯ ಮತ್ತೊಂದು ಮುಖ್ಯ ಪಾತ್ರ ಹೆನ್ರಿ ಮೆಲೂ. ಸರೋವರದ ಅಂಚಿನ ಗುಡಿಸಲಿನಲ್ಲಿ ವಾಸಿಸುವ ಈ ವೃದ್ಧ ಒಜಿಬ್ವೆ ಪರಂಪರೆಯ ವೈದ್ಯ. ಅವಸರದಲ್ಲಿ ಉತ್ತರ ಕೇಳಿ ಬಂದವರಿಗೆ ಆತ ಮೊದಲು ಮೌನವನ್ನೇ ಕೊಡುತ್ತಾನೆ. ಕಾರ್ಕ್‌ನ ತನಿಖೆ ಎಷ್ಟು ಬಾರಿ ಪೊಲೀಸ್ ಠಾಣೆಯಲ್ಲಿ ಸಾಗುತ್ತದೋ ಅಷ್ಟೇ ಬಾರಿ ಮೆಲೂನ ಒಲೆಯ ಮುಂದೆಯೂ ಸಾಗುತ್ತದೆ.

ಕಥೆಯ ನೆಲ

ಅರೋರಾ ಪಟ್ಟಣ, ಟ್ಯಾಮರಾಕ್ ಕೌಂಟಿ ಹಾಗೂ ಐರನ್ ಲೇಕ್ ಮೂಲನಿವಾಸಿ ಮೀಸಲು ಪ್ರದೇಶ ಲೇಖಕರ ಸೃಷ್ಟಿ. ಅರೋರಾ ಎಂಬ ಹೆಸರಿನ ಊರು ಮಿನ್ನೆಸೋಟದಲ್ಲಿ ಇದೆಯಾದರೂ ಕಾದಂಬರಿಯ ಊರು ಅದಲ್ಲ. ಆದರೆ ಅವುಗಳ ಸುತ್ತಲಿನ ನೆಲ ಸಂಪೂರ್ಣ ವಾಸ್ತವ.

ಕೆನಡಾ ಗಡಿಗೆ ಹೊಂದಿಕೊಂಡು ಸುಮಾರು 240 ಕಿಲೋಮೀಟರ್ ಉದ್ದಕ್ಕೆ ಚಾಚಿರುವ ಬೌಂಡರಿ ವಾಟರ್ಸ್ ವನ್ಯಪ್ರದೇಶದ ವಿಸ್ತೀರ್ಣ 10 ಲಕ್ಷ ಎಕರೆಗೂ ಅಧಿಕ. ಇಲ್ಲಿ ಸಾವಿರಕ್ಕೂ ಹೆಚ್ಚು ಸರೋವರಗಳಿವೆ. 1978ರ ಕಾನೂನು ಬಹುತೇಕ ಸರೋವರಗಳಲ್ಲಿ ಮೋಟಾರು ದೋಣಿಗಳನ್ನು ನಿಷೇಧಿಸಿತು. ಆದ್ದರಿಂದ ಪ್ರಯಾಣಿಕರು ಕನೂ ಎಂಬ ಹಗುರ ದೋಣಿಗೆ ಹುಟ್ಟು ಹಾಕಿ ಸಾಗಬೇಕು. ಒಂದು ಸರೋವರ ಮುಗಿದಲ್ಲಿ ದೋಣಿಯನ್ನೇ ಹೆಗಲ ಮೇಲೆ ಹೊತ್ತು ಕಾಡುಹಾದಿಯಲ್ಲಿ ನಡೆದು ಮುಂದಿನ ಸರೋವರ ಸೇರಬೇಕು. ಇಲ್ಲಿ ತಪ್ಪಿಸಿಕೊಂಡವನನ್ನು ಹುಡುಕುವುದೂ ಬೆನ್ನಟ್ಟಿ ಬಂದವನಿಂದ ಪಾರಾಗುವುದೂ ಸಮಾನ ಕಷ್ಟ. 'ಬೌಂಡರಿ ವಾಟರ್ಸ್' (1999) ಮತ್ತು 'ಫಾಕ್ಸ್ ಕ್ರೀಕ್' (2022) ಕಾದಂಬರಿಗಳ ರೋಚಕತೆ ಈ ಭೂಗೋಳದಿಂದಲೇ ಹುಟ್ಟಿದೆ.

ಚಳಿಯೂ ಇಲ್ಲಿ ಒಂದು ಪಾತ್ರ. ಈ ಭಾಗದ ಟವರ್ ಎಂಬ ಊರಿನ ಬಳಿ 1996ರ ಫೆಬ್ರವರಿ 2ರಂದು ಮೈನಸ್ 60 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು ಮೈನಸ್ 51 ಡಿಗ್ರಿ ಸೆಲ್ಸಿಯಸ್ ತಾಪಮಾನ ದಾಖಲಾಯಿತು. ಅಂಥ ಚಳಿಯಲ್ಲಿ ಕೆಟ್ಟು ನಿಂತ ಕಾರು, ಒದ್ದೆಯಾದ ಕೈಗವಸು, ಆರಿದ ಒಲೆ ಎಲ್ಲವೂ ಪ್ರಾಣಾಂತಕ. ಹಿಮದ ಮೇಲಿನ ಹೆಜ್ಜೆ ಗುರುತು ಮರುದಿನದ ಗಾಳಿಗೆ ಅಳಿಸಿ ಹೋಗುವುದರಿಂದ ತನಿಖೆಗೂ ಕಾಲಮಿತಿಯಿರುತ್ತದೆ.

ಭೂಮಿಯ ಜಗಳ, ಕಾನೂನಿನ ತೊಡಕು

ಸರಣಿಯ ಅಪರಾಧಗಳ ಹಿಂದೆ ಆ ನೆಲದ ಇತಿಹಾಸವಿದೆ. 1854ರ ಲಾ ಪಾಯಿಂಟ್ ಒಪ್ಪಂದದಲ್ಲಿ ಒಜಿಬ್ವೆಗಳು ಈಶಾನ್ಯ ಮಿನ್ನೆಸೋಟದ ವಿಶಾಲ ಭೂಮಿಯನ್ನು ಅಮೆರಿಕ ಸರ್ಕಾರಕ್ಕೆ ಬಿಟ್ಟುಕೊಟ್ಟರು; ಆದರೆ ಅಲ್ಲಿ ಬೇಟೆಯಾಡುವ, ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡರು. ಇಂಥ ಒಪ್ಪಂದಗಳ ಹಕ್ಕುಗಳು ಮುಂದೆ ಕಲಹಕ್ಕೆ ಕಾರಣವಾದವು. 1837ರ ಒಪ್ಪಂದ ಕುರಿತ ಮಿಲ್ ಲ್ಯಾಕ್ಸ್ ಒಜಿಬ್ವೆಗಳ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1999ರಲ್ಲಿ 5-4ರ ಬಹುಮತದಿಂದ ಮೂಲನಿವಾಸಿಗಳ ಪರ ತೀರ್ಪಿತ್ತಿತು. ಮೀನಿನ ಹಕ್ಕಿನ ಸಂಘರ್ಷವನ್ನು ಹಿನ್ನೆಲೆಯಾಗುಳ್ಳ 'ಐರನ್ ಲೇಕ್' ಅದಕ್ಕೆ ಒಂದು ವರ್ಷ ಮೊದಲು ಬಂದಿತ್ತೆಂಬುದು ಗಮನಾರ್ಹ.

'ಪರ್ಗೆಟರಿ ರಿಡ್ಜ್' (2001) ಕಾದಂಬರಿಯಲ್ಲಿ ಒಜಿಬ್ವೆಗಳು ಅಜ್ಜಂದಿರೆಂದು ಗೌರವಿಸುವ ಪುರಾತನ ಬಿಳಿ ಪೈನ್ ಮರಗಳನ್ನು ಕಡಿಯುವ ಪ್ರಶ್ನೆ ಊರನ್ನು ಒಡೆಯುತ್ತದೆ. 'ವರ್ಮಿಲಿಯನ್ ಡ್ರಿಫ್ಟ್' (2010) ಕಥೆಯಲ್ಲಿ ಮುಚ್ಚಿದ ಕಬ್ಬಿಣದ ಗಣಿಯೊಳಗೆ ಹಳೆಯ ಶವಗಳು ಸಿಗುತ್ತವೆ. ಈ ಪ್ರದೇಶದ ಸೂಡಾನ್ ಗಣಿ 1884ರಿಂದ 1962ರವರೆಗೆ ಅದಿರು ನೀಡಿ ಮುಚ್ಚಿತೆಂಬುದನ್ನು ನೆನೆದರೆ ಕಥೆಯ ಹಿನ್ನೆಲೆ ಅರ್ಥವಾದೀತು. 'ಸ್ಪಿರಿಟ್ ಕ್ರಾಸಿಂಗ್' ಪುಸ್ತಕದಲ್ಲಿ ತೈಲ ಕೊಳವೆ ಮಾರ್ಗದ ವಿರುದ್ಧದ ಪ್ರತಿಭಟನೆ ಬರುತ್ತದೆ.

ಮೀಸಲು ಪ್ರದೇಶದಲ್ಲಿ ನಡೆದ ಅಪರಾಧವನ್ನು ಹೊರಗಿನ ಶೆರಿಫ್ ಏಕೆ ತನಿಖೆ ಮಾಡುತ್ತಾನೆ ಎಂಬ ಸಂದೇಹ ಹೊಸ ಓದುಗರಿಗೆ ಬರುವುದು ಸಹಜ. ಸಾರ್ವಜನಿಕ ಕಾನೂನು 280 ಎಂದು ಕರೆಯಲಾಗುವ 1953ರ ಶಾಸನ ಇದಕ್ಕೆ ಕಾರಣ. ಮೂಲನಿವಾಸಿ ಪ್ರದೇಶಗಳಲ್ಲಿನ ಅಪರಾಧ ವಿಚಾರಣೆಯ ಅಧಿಕಾರವನ್ನು ಅದು ಮಿನ್ನೆಸೋಟ ಸೇರಿದಂತೆ ಕೆಲವು ರಾಜ್ಯಗಳಿಗೆ ವಹಿಸಿತು. ಮಿನ್ನೆಸೋಟದಲ್ಲಿ ರೆಡ್ ಲೇಕ್ ಪ್ರದೇಶವನ್ನು ಹೊರತುಪಡಿಸಲಾಯಿತು. ಇದರಿಂದ ಒಜಿಬ್ವೆ ಕುಟುಂಬ ತನ್ನ ಮಗಳು ಕಾಣೆಯಾದಾಗ ದೂರು ಕೊಡಬೇಕಾದುದು ತನ್ನ ಮೇಲೆ ಹಿಂದಿನಿಂದಲೂ ಸಂಶಯದ ಕಣ್ಣಿಟ್ಟ ಇಲಾಖೆಗೆ. ದೂರು ಕೊಡುವವರಲ್ಲಿ ನಂಬಿಕೆಯಿಲ್ಲ, ಪಡೆಯುವವರಲ್ಲಿ ಆಸಕ್ತಿಯಿಲ್ಲ. ಎರಡೂ ಕಡೆಗೆ ಸೇರಿದ, ಎರಡೂ ಕಡೆಯವರಿಗೆ ಪೂರ್ತಿ ತಮ್ಮವನೆನಿಸದ ಕಾರ್ಕ್ ನಿಲ್ಲುವುದು ಈ ಕಂದರದಲ್ಲಿ. 20ನೇ ಪುಸ್ತಕದಲ್ಲಿ ಐರನ್ ಲೇಕ್ ಮೀಸಲು ಪ್ರದೇಶಕ್ಕೆ ತನ್ನದೇ ಪೊಲೀಸ್ ದಳ ಹೊಸದಾಗಿ ಬಂದಿರುತ್ತದೆ. ಆರಂಭದಿಂದ ಓದಿ ಬಂದವರಿಗೆ ಮಾತ್ರ ಆ ಬದಲಾವಣೆಯ ತೂಕ ತಿಳಿಯುತ್ತದೆ.

ಕಾದಂಬರಿಯಾಚೆಯ ಸತ್ಯ

ಕಾಣೆಯಾಗುವ ಮೂಲನಿವಾಸಿ ಮಹಿಳೆಯರ ಸಮಸ್ಯೆ ಕಲ್ಪನೆಯದಲ್ಲ. ಮಿನ್ನೆಸೋಟ ರಾಜ್ಯ ನೇಮಿಸಿದ ಕಾರ್ಯಪಡೆ 2020ರ ಡಿಸೆಂಬರಿನಲ್ಲಿ ಸಲ್ಲಿಸಿದ ವರದಿಯ ಪ್ರಕಾರ, 2012ರಿಂದ 2020ರವರೆಗಿನ ಅವಧಿಯಲ್ಲಿ ಯಾವುದೇ ತಿಂಗಳನ್ನು ತೆಗೆದುಕೊಂಡರೂ ಆ ರಾಜ್ಯದಲ್ಲಿ 27ರಿಂದ 54 ಮೂಲನಿವಾಸಿ ಮಹಿಳೆಯರು ಮತ್ತು ಬಾಲಕಿಯರು ನಾಪತ್ತೆಯಾಗಿದ್ದರು. ರಾಜ್ಯದ ಜನಸಂಖ್ಯೆಯಲ್ಲಿ ಈ ಸಮುದಾಯಗಳ ಪಾಲು ಶೇಕಡ 1ರಷ್ಟು ಮಾತ್ರ. 2021ರಲ್ಲಿ ರಾಜ್ಯ ಸರ್ಕಾರ ಇಂಥ ಪ್ರಕರಣಗಳಿಗೆಂದೇ ಪ್ರತ್ಯೇಕ ಕಚೇರಿ ಸ್ಥಾಪಿಸಿತು. ಅಮೆರಿಕದಲ್ಲಿ ಅದು ಮೊದಲನೆಯದು.

ಕ್ರೂಗರ್ ಈ ವಿಷಯವನ್ನು ಅದಕ್ಕೂ ಮುಂಚೆ, 2014ರ 'ವಿಂಡಿಗೊ ಐಲೆಂಡ್' ಕಾದಂಬರಿಯಲ್ಲಿ ನೇರವಾಗಿ ಎತ್ತಿಕೊಂಡಿದ್ದರು. ಸುಪೀರಿಯರ್ ಸರೋವರದ ಬಂದರು ನಗರ ಡುಲೂತ್ ಕೇಂದ್ರವಾಗಿ ನಡೆಯುವ ಬಾಲಕಿಯರ ಮಾರಾಟ ಜಾಲ ಅದರ ವಸ್ತು. ವಿಂಡಿಗೊ ಎಂದರೆ ಒಜಿಬ್ವೆ ಕಥೆಗಳಲ್ಲಿ ಬರುವ, ಎಷ್ಟು ತಿಂದರೂ ಹಸಿವು ತೀರದ ನರಭಕ್ಷಕ. ಆ ರಾಕ್ಷಸನ ಹೆಸರು ಈ ಕಥೆಯಲ್ಲಿ ಮನುಷ್ಯರಿಗೇ ಸಲ್ಲುತ್ತದೆ.

ಲೇಖಕರು ಮತ್ತು ಒಂದು ಆಕ್ಷೇಪ

1950ರಲ್ಲಿ ವಯೋಮಿಂಗ್ ರಾಜ್ಯದ ಟೊರಿಂಗ್ಟನ್‌ನಲ್ಲಿ ಜನಿಸಿದ ಕ್ರೂಗರ್ ಮಿನ್ನೆಸೋಟದ ರಾಜಧಾನಿ ಸೇಂಟ್ ಪಾಲ್‌ನಲ್ಲಿ ನೆಲೆಸಿದವರು. ನಸುಕಿನಲ್ಲಿ ಕಾಫಿ ಅಂಗಡಿಯಲ್ಲಿ ಕುಳಿತು ಬರೆಯುವ ಅವರ ಅಭ್ಯಾಸ ಅಭಿಮಾನಿಗಳಿಗೆ ಚಿರಪರಿಚಿತ. 'ಐರನ್ ಲೇಕ್' ಉತ್ತಮ ಚೊಚ್ಚಲ ಕೃತಿಗಾಗಿ ಆಂಥೋನಿ ಪ್ರಶಸ್ತಿ ಗಳಿಸಿತು. 'ಬ್ಲಡ್ ಹಾಲೋ' (2004) ಮತ್ತು 'ಮರ್ಸಿ ಫಾಲ್ಸ್' (2005) ಉತ್ತಮ ಕಾದಂಬರಿಗಾಗಿ ಅದೇ ಪ್ರಶಸ್ತಿಯನ್ನು ಸತತ ಎರಡು ವರ್ಷ ತಂದವು. ಸರಣಿಗೆ ಸೇರದ 'ಆರ್ಡಿನರಿ ಗ್ರೇಸ್' ಕಾದಂಬರಿಗೆ 2014ರಲ್ಲಿ ಎಡ್ಗರ್ ಪ್ರಶಸ್ತಿ ಲಭಿಸಿತು.

ಕ್ರೂಗರ್ ಒಜಿಬ್ವೆ ಸಮುದಾಯದವರಲ್ಲ. ಮತ್ತೊಬ್ಬರ ನೋವಿನ ಕಥೆಯನ್ನು ಹೊರಗಿನವರು ಹೇಳಬಹುದೆ ಎಂಬ ಪ್ರಶ್ನೆಯನ್ನು ಅಲ್ಲಗಳೆಯುವಂತಿಲ್ಲ. ಮೆಲೂನಂಥ ಪಾತ್ರ ಕೆಲವೆಡೆ ಮನುಷ್ಯನಿಗಿಂತ ಜ್ಞಾನದ ಪ್ರತಿಮೆಯಾಗಿ ಬಿಡುತ್ತದೆ ಎಂಬುದೂ ನಿಜ. ಆದರೆ ಆತನಿಗೂ ಒಂದು ಯೌವನ, ಒಂದು ಪ್ರೇಮ, ಒಬ್ಬ ಕಾಣದ ಮಗನಿದ್ದಾನೆಂದು 'ಥಂಡರ್ ಬೇ' (2007) ತೋರಿಸಿಕೊಟ್ಟಿತು.

ಆಸಕ್ತರು ಈ ಸರಣಿಯ ಜತೆಗೆ ಒಜಿಬ್ವೆ ಲೇಖಕಿಯರ ಕೃತಿಗಳನ್ನೂ ಓದುವುದು ಒಳಿತು. 2012ರಲ್ಲಿ ಅಮೆರಿಕದ ರಾಷ್ಟ್ರೀಯ ಪುಸ್ತಕ ಪ್ರಶಸ್ತಿ ಪಡೆದ ಲೂಯಿಸ್ ಅರ್ಡ್ರಿಕ್ ಅವರ 'ದಿ ರೌಂಡ್ ಹೌಸ್', ಮಾರ್ಸಿ ರೆಂಡನ್ 2017ರಲ್ಲಿ ಆರಂಭಿಸಿದ ಕ್ಯಾಶ್ ಬ್ಲ್ಯಾಕ್‌ಬೇರ್ ಸರಣಿ ಇವುಗಳಲ್ಲಿ ಪ್ರಮುಖ.

ಎಲ್ಲಿಂದ ಆರಂಭಿಸಬೇಕು?

ಪ್ರತಿ ಪುಸ್ತಕದಲ್ಲೂ ಒಂದು ಪ್ರಕರಣ ಆರಂಭವಾಗಿ ಮುಗಿಯುವುದರಿಂದ ಎಲ್ಲಿಂದಲಾದರೂ ಓದಬಹುದು ಎಂಬ ಮಾತಿದೆ. ಅದು ಅರ್ಧ ಸತ್ಯ. ಅನೇಕ ಪತ್ತೇದಾರರು ದಶಕಗಳು ಕಳೆದರೂ ಅದೇ ವಯಸ್ಸಿನಲ್ಲಿರುತ್ತಾರೆ. ಕಾರ್ಕ್ ಹಾಗಲ್ಲ, ವಾಸ್ತವ ಕಾಲಕ್ಕಿಂತ ನಿಧಾನವಾಗಿಯಾದರೂ ಅವನಿಗೆ ವಯಸ್ಸಾಗುತ್ತದೆ. ಜೆನ್ನಿ, ಆ್ಯನ್, ಸ್ಟೀಫನ್ ಎಂಬ ಮೂವರು ಮಕ್ಕಳು ಬೆಳೆದು ದೊಡ್ಡವರಾಗುತ್ತಾರೆ. ಆರಂಭದಲ್ಲಿ ಹೇಳಿದ ಪುಟ್ಟ ಬಾಲಕ ಕಾರ್ಕ್‌ನ ಮೊಮ್ಮಗ.

ಆದ್ದರಿಂದ 'ಐರನ್ ಲೇಕ್'ನಿಂದ ಕ್ರಮವಾಗಿ ಓದುವುದೇ ಸೂಕ್ತ. 'ಮರ್ಸಿ ಫಾಲ್ಸ್' ಅಪೂರ್ಣವಾಗಿ ನಿಲ್ಲುವುದರಿಂದ ಅದರ ಮುಂದಿನ 'ಕಾಪರ್ ರಿವರ್' (2006) ಪುಸ್ತಕವನ್ನು ಕೈಯಲ್ಲಿಟ್ಟುಕೊಂಡೇ ಓದಬೇಕು. 'ಹೆವೆನ್ಸ್ ಕೀಪ್' (2009) ಕಥೆಯಲ್ಲಿ ಜೋ ಪ್ರಯಾಣಿಸುತ್ತಿದ್ದ ಸಣ್ಣ ವಿಮಾನ ವಯೋಮಿಂಗ್ ಪರ್ವತಗಳ ಹಿಮಪಾತದಲ್ಲಿ ಕಣ್ಮರೆಯಾಗುತ್ತದೆ. ಆ ಶೋಧ ಹೇಗೆ ಮುಗಿಯಿತೆಂಬುದನ್ನು ಇಲ್ಲಿ ಹೇಳುವುದು ಉಚಿತವಲ್ಲ. ಅದರ ನಂತರದ ಯಾವ ಪುಸ್ತಕವನ್ನು ಮೊದಲು ಓದಿದರೂ ಆ ಉತ್ತರ ತಿಳಿದುಬಿಡುತ್ತದೆ ಎಂಬ ಎಚ್ಚರಿಕೆ ಸಾಕು.

ಒಂದೇ ಪುಸ್ತಕದಲ್ಲಿ ರುಚಿ ನೋಡಬಯಸುವವರಿಗೆ 'ಲೈಟ್ನಿಂಗ್ ಸ್ಟ್ರೈಕ್' (2021) ಸರಿಯಾದ ಆಯ್ಕೆ. 1963ರ ಬೇಸಿಗೆಯಲ್ಲಿ ನಡೆಯುವ ಈ ಪೂರ್ವಕಥೆಯಲ್ಲಿ ಕಾರ್ಕ್ 12 ವರ್ಷದ ಹುಡುಗ. ತಾನು ಗೌರವಿಸುತ್ತಿದ್ದ ಒಜಿಬ್ವೆ ವ್ಯಕ್ತಿಯ ಶವ ಮರದಲ್ಲಿ ನೇತಾಡುವುದನ್ನು ಕಾಣುತ್ತಾನೆ. ಅದು ಆತ್ಮಹತ್ಯೆಯೆಂದು ಸಾಕ್ಷ್ಯಗಳು ಹೇಳುತ್ತವೆ, ಅಲ್ಲವೆಂದು ಒಜಿಬ್ವೆಗಳು ಹೇಳುತ್ತಾರೆ. ನಡುವೆ ನಿಲ್ಲುವವರು ಶೆರಿಫ್ ಆಗಿರುವ ತಂದೆ.

2025ರ 'ಅಪಾಸಲ್ಸ್ ಕೋವ್' ಈ ವೃತ್ತವನ್ನು ಪೂರ್ಣಗೊಳಿಸುವಂತಿದೆ. ನಿರಪರಾಧಿ ಕೈದಿಗಳ ಬಿಡುಗಡೆಗೆ ದುಡಿಯುವ ಸಂಸ್ಥೆಯೊಂದರಲ್ಲಿರುವ ಮಗ ಸ್ಟೀಫನ್ ತಂದೆಗೆ ದೂರವಾಣಿ ಕರೆ ಮಾಡುತ್ತಾನೆ. ದಶಕಗಳ ಹಿಂದೆ ಹೊಸದಾಗಿ ಶೆರಿಫ್ ಆಗಿದ್ದಾಗ ಕಾರ್ಕ್ ಕೊಲೆ ಆರೋಪದ ಮೇಲೆ ಜೈಲಿಗೆ ಕಳುಹಿಸಿದ ಒಜಿಬ್ವೆ ವ್ಯಕ್ತಿ ನಿರ್ದೋಷಿಯೆಂಬುದು ಮಗನ ದೃಢ ನಂಬಿಕೆ. 20 ಪುಸ್ತಕಗಳಲ್ಲಿ ಇತರರ ತಪ್ಪುಗಳನ್ನು ಬಯಲಿಗೆಳೆದವನು ಈಗ ತನ್ನದೇ ಹಳೆಯ ಕಡತವನ್ನು ತೆರೆಯಬೇಕಾಗಿದೆ. ಓದುಗ ಇಷ್ಟು ವರ್ಷ ನಂಬಿಕೊಂಡು ಬಂದುದು ಈತನ ನ್ಯಾಯಬುದ್ಧಿಯನ್ನೇ. ಹೀಗಾಗಿ ಈ ಪ್ರಕರಣದಲ್ಲಿ ಕಾರ್ಕ್‌ನ ಜತೆಗೆ ಓದುಗನೂ ಉತ್ತರಕ್ಕೆ ಅಂಜುತ್ತಾನೆ.