‘ಪಿಜಾರೋ’: ಒಂದು ಜರ್ಮನ್ ನಾಟಕದ ಆಂಗ್ಲ ರೂಪಾಂತರ

೧೭೯೯ನೆಯ ಇಸವಿ ಮೇ ತಿಂಗಳ ೨೪ನೆಯ ದಿನ ಲಂಡನ್ ನಗರದ ಡ್ರೂರಿ ಲೇನ್ ರಂಗಮಂದಿರದಲ್ಲಿ ‘ಪಿಜಾರೋ’ ಎಂಬ ನಾಟಕವು ಮೊದಲ ಸಲ ಪ್ರದರ್ಶಿತವಾಯಿತು. ಅದರ ಕರ್ತೃವೆಂದು ಪ್ರಸಿದ್ಧನಾದ ರಿಚರ್ಡ್ ಬ್ರಿನ್ಸ್‌ಲಿ ಷೆರಿಡನ್ನನು ಆ ರಂಗಮಂದಿರದ ಒಡೆಯರಲ್ಲೊಬ್ಬನು, ಪಾರ್ಲಿಮೆಂಟಿನ ಸದಸ್ಯನು, ೧೭೭೯ರ ‘ಕ್ರಿಟಿಕ್’ ಪ್ರಹಸನದ ತರುವಾಯ ಸುಮಾರು ಇಪ್ಪತ್ತು ವರ್ಷ ನಾಟಕರಚನೆಯಿಂದ ದೂರವಾಗಿದ್ದವನು. ಆದರೆ ಈ ನಾಟಕದ ಮೂಲ ಅವನದಲ್ಲ, ಇಂಗ್ಲೆಂಡಿನದೂ ಅಲ್ಲ.

ಮೂಲಕರ್ತೃವಾದ ಆಗಸ್ಟ್ ಫಾನ್ ಕೊಟ್ಸೆಬೂ ೧೭೬೧ರಲ್ಲಿ ವೈಮಾರ್ ಪಟ್ಟಣದಲ್ಲಿ ಜನಿಸಿ, ರಷ್ಯಾ ಚಕ್ರವರ್ತಿನಿಯ ಆಡಳಿತಕ್ಕೊಳಪಟ್ಟ ಎಸ್ಟೋನಿಯಾದ ರೇವಾಲಿನಲ್ಲಿ ಅಧಿಕಾರಿಯಾಗಿದ್ದನು. ಫ್ರೆಂಚ್ ಲೇಖಕನಾದ ಮಾರ್ಮೊಂಟೆಲನು ೧೭೭೭ರಲ್ಲಿ ಪ್ರಕಟಿಸಿದ ‘ಇಂಕರು’ ಎಂಬ ಗ್ರಂಥದಿಂದ ಕಥಾಬೀಜವನ್ನು ತೆಗೆದುಕೊಂಡು ಅವನು ಎರಡು ನಾಟಕಗಳನ್ನು ಬರೆದನು. ಮೊದಲನೆಯದು ‘ಸೂರ್ಯಕನ್ಯೆ’, ಅದರ ಮುಂದಿನ ಕಥೆಯೇ ‘ಪೆರುವಿನಲ್ಲಿ ಸ್ಪ್ಯಾನಿಯರ್ಡರು ಅಥವಾ ರೋಲಾನ ಮರಣ’. ಈ ಎರಡನೆಯದೇ ‘ಪಿಜಾರೋ’ವಿನ ಮೂಲ.

ಕಥೆ ಸರಳವಾದುದು. ಪೆರುವಿನ ಸೇನಾನಿ ರೋಲಾ ಕೋರಾಳನ್ನು ಪ್ರೀತಿಸುತ್ತಾನೆ. ಅವಳಾದರೋ ಪಿಜಾರೋವಿನ ಕ್ರೌರ್ಯಕ್ಕೆ ಬೇಸತ್ತು ಪೆರುವಿನ ಪಕ್ಷವನ್ನು ಸೇರಿದ ಅಲೊಂಜೋ ಎಂಬ ಸ್ಪ್ಯಾನಿಯರ್ಡನ ಪತ್ನಿ. ಅಲೊಂಜೋ ಸೆರೆಸಿಕ್ಕಾಗ ರೋಲಾ ಸಂನ್ಯಾಸಿಯ ವೇಷದಿಂದ ಸೆರೆಮನೆಯನ್ನು ಹೊಕ್ಕು ಅವನನ್ನು ಬಿಡಿಸುತ್ತಾನೆ. ನಿದ್ರಿಸುತ್ತಿರುವ ಶತ್ರುವನ್ನು ಕೊಲ್ಲುವ ಅವಕಾಶ ಒದಗಿದರೂ ಕೊಲ್ಲುವುದಿಲ್ಲ. ಕಡೆಗೆ ಕೋರಾಳ ಶಿಶುವನ್ನು ಶತ್ರುಗಳಿಂದ ಪಾರುಮಾಡಿ, ತಾಯಿಯ ಕೈಗೊಪ್ಪಿಸಿ, ಗಾಯಗಳಿಂದ ಪ್ರಾಣ ಬಿಡುತ್ತಾನೆ. ನಮ್ಮ ಲಾಕ್ಷಣಿಕರ ಮಾತಿನಲ್ಲಿ ಹೇಳುವುದಾದರೆ ರೋಲಾ ಧೀರೋದಾತ್ತ ನಾಯಕನು.

ಆ ಕಾಲದ ಲಂಡನ್ನಿನಲ್ಲಿ ಕೊಟ್ಸೆಬೂವಿನ ನಾಟಕಗಳಿಗೆ ಬಹಳ ಬೇಡಿಕೆಯಿದ್ದಿತು. ೧೭೯೮ರ ಮಾರ್ಚಿಯಲ್ಲಿ ಇದೇ ರಂಗಮಂದಿರದಲ್ಲಿ ಅವನ ‘ಮನುಷ್ಯದ್ವೇಷ ಮತ್ತು ಪಶ್ಚಾತ್ತಾಪ’ವು ‘ಅಪರಿಚಿತ’ ಎಂಬ ಅರ್ಥದ ಹೆಸರಿನಿಂದ ಪ್ರದರ್ಶಿತವಾಗಿ ಜಯ ಪಡೆದಿದ್ದಿತು. ಜರ್ಮನ್ ಭಾಷೆಯನ್ನರಿಯದ ಷೆರಿಡನ್ನನು ಭಾಷಾಂತರವೊಂದನ್ನು ಆಧಾರವಾಗಿಟ್ಟುಕೊಂಡು ‘ಪಿಜಾರೋ’ವನ್ನು ರಚಿಸಿದನು. ರೋಲಾನಾಗಿ ಜಾನ್ ಫಿಲಿಪ್ ಕೆಂಬಲ್, ಪಿಜಾರೋವಿನ ಪ್ರೇಯಸಿ ಎಲ್ವಿರಾಳಾಗಿ ಸಾರಾ ಸಿಡನ್ಸ್, ಕೋರಾಳಾಗಿ ಡೊರೊಥಿಯಾ ಜಾರ್ಡನ್ ಅಭಿನಯಿಸಿದರು. ಮೊದಲ ಪ್ರದರ್ಶನದ ರಾತ್ರಿ ಆರಂಭದ ಅಂಕಗಳು ರಂಗದ ಮೇಲೆ ನಡೆಯುತ್ತಿರುವಾಗ ಷೆರಿಡನ್ನನು ಕಡೆಯ ಅಂಕವನ್ನು ಇನ್ನೂ ಬರೆಯುತ್ತಿದ್ದನೆಂದು, ನಾಟಕಕ್ಕೆ ಸಂಗೀತವನ್ನು ಒದಗಿಸಿದ ಮೈಕೆಲ್ ಕೆಲಿ ತನ್ನ ಸ್ಮರಣೆಗಳಲ್ಲಿ ಹೇಳುತ್ತಾನೆ. ಹೀಗಿದ್ದರೂ ಅದು ಆ ಋತುವಿನಲ್ಲಿಯೇ ೩೧ ಸಲ ಪ್ರದರ್ಶನಗೊಂಡಿತು.

ಷೆರಿಡನ್ನನು ಮಾಡಿದ ಮಾರ್ಪಾಡುಗಳಲ್ಲಿ ಎರಡು ಮುಖ್ಯವಾದುವು. ರೋಲಾನ ಮರಣದಿಂದ ಮುಗಿಯುವ ಕಥೆಗೆ ಪಿಜಾರೋವಿನ ವಧೆಯನ್ನು ಸೇರಿಸಿ, ಪ್ರತಿನಾಯಕನಿಗೆ ರಂಗದ ಮೇಲೆಯೇ ದಂಡನೆಯಾಗುವಂತೆ ಮಾಡಿದುದು ಒಂದು. ಚರಿತ್ರೆಯಲ್ಲಾದರೋ ಪಿಜಾರೋ ೧೫೪೧ರಲ್ಲಿ ಲೀಮಾ ನಗರದಲ್ಲಿ ಸ್ವದೇಶೀಯರಿಂದಲೇ ಹತನಾದನು. ಯುದ್ಧಕ್ಕೆ ಮುಂಚೆ ರೋಲಾ ಸೈನಿಕರಿಗೆ ಮಾಡುವ ಭಾಷಣ ಇನ್ನೊಂದು. ಫ್ರಾನ್ಸಿನ ದಂಡಯಾತ್ರೆಯ ಭಯದಲ್ಲಿದ್ದ ಪ್ರೇಕ್ಷಕರು ಈ ಭಾಷಣದಲ್ಲಿ ತಮ್ಮ ದೇಶರಕ್ಷಣೆಯ ಕರೆಯನ್ನೇ ಕೇಳಿದರು. ಮೂರನೆಯ ಜಾರ್ಜ್ ದೊರೆಯೂ ಜೂನ್ ತಿಂಗಳಲ್ಲಿ ಬಂದು ನಾಟಕವನ್ನು ನೋಡಿದನು.

ಆದರೆ ಆ ಭಾಷಣದ ಹುಟ್ಟು ಬೇರೆಡೆ. ೧೭೮೭ರಲ್ಲಿ ಕಾಮನ್ಸ್ ಸಭೆಯಲ್ಲಿಯೂ ೧೭೮೮ರಲ್ಲಿ ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿಯೂ ಷೆರಿಡನ್ನನು ವಾರನ್ ಹೇಸ್ಟಿಂಗ್ಸನ ಮೇಲೆ, ಅಯೋಧ್ಯಾ ಸಂಸ್ಥಾನದ ಬೇಗಮರ ಧನವನ್ನು ಅಪಹರಿಸಿದನೆಂದು ಆರೋಪ ಹೊರಿಸಿ ಮಾತನಾಡಿದ್ದನು. ರಕ್ಷಿಸುತ್ತೇವೆಂದು ಹೇಳಿಕೊಂಡು ಭಕ್ಷಿಸುವ ಹದ್ದಿನ ಉಪಮೆ ಆಗ ಕಂಪನಿಯ ಆಡಳಿತಕ್ಕೆ ಅನ್ವಯವಾಗಿದ್ದಿತು. ಈಗ ಅದು ರೋಲಾನ ಬಾಯಲ್ಲಿ ಸ್ಪ್ಯಾನಿಯರ್ಡರನ್ನು ಕುರಿತು ಬಂದಿತು. ಹೇಸ್ಟಿಂಗ್ಸನ ವಿಚಾರಣೆಯಲ್ಲಿ ಕೇಳಿದ್ದೇ ಹೊರತು ಇದರಲ್ಲಿ ಹೊಸದೇನೂ ಇಲ್ಲವೆಂದು ಪ್ರಧಾನಮಂತ್ರಿ ಪಿಟ್ ನುಡಿದನೆಂಬ ಐತಿಹ್ಯವುಂಟು. ಹೇಸ್ಟಿಂಗ್ಸನು ೧೭೯೫ರಲ್ಲಿ ನಿರ್ದೋಷಿಯೆಂದು ಬಿಡುಗಡೆ ಹೊಂದಿದ್ದನು. ನ್ಯಾಯಸ್ಥಾನದಲ್ಲಿ ಸೋತ ಮಾತು ರಂಗಸ್ಥಳದಲ್ಲಿ ಗೆದ್ದಿತು. ಗೆಲ್ಲುವಾಗ ತಾನು ಯಾರ ಪರವಾಗಿ ಹುಟ್ಟಿದೆನೆಂಬುದನ್ನು ಮರೆಯಿತು. ಈ ಪ್ರಥಮ ಪ್ರದರ್ಶನಕ್ಕೆ ಇಪ್ಪತ್ತು ದಿನ ಮುಂಚೆ, ಮೇ ೪ರಂದು, ಅದೇ ಕಂಪನಿಯ ಸೈನ್ಯವು ಶ್ರೀರಂಗಪಟ್ಟಣವನ್ನು ಹಿಡಿದಿದ್ದಿತು. ಟಿಪ್ಪು ಸುಲ್ತಾನನು ಮಡಿದಿದ್ದನು. ಆ ವಾರ್ತೆ ಲಂಡನ್ನನ್ನು ಮುಟ್ಟಿದುದು ಸೆಪ್ಟೆಂಬರಿನಲ್ಲಿ. ರೋಲಾನಿಗೆ ಕರತಾಡನ ಮಾಡಿದ ನಗರವು ಆ ಜಯಕ್ಕೂ ಸಂಭ್ರಮಪಟ್ಟಿತು.

ನಾಟಕದ ಆಯುಸ್ಸು ಅಲ್ಲಿಗೆ ಮುಗಿಯಲಿಲ್ಲ. ೧೮೦೦ರಲ್ಲಿ ವಿಲಿಯಂ ಡನ್‌ಲ್ಯಾಪನು ಅದನ್ನು ನ್ಯೂಯಾರ್ಕಿನಲ್ಲಿ ಆಡಿಸಿದನು. ಆಫ್ರಿಕನ್ ವಂಶದ ಪ್ರಸಿದ್ಧ ನಟ ಐರಾ ಆಲ್ಡ್ರಿಜನು ಯೌವನದಲ್ಲಿ ಅದೇ ನಗರದಲ್ಲಿ ರೋಲಾನ ಪಾತ್ರವನ್ನು ವಹಿಸಿದನೆಂದು ಅವನ ಜೀವನಚರಿತ್ರಕಾರರು ಹೇಳುತ್ತಾರೆ. ೧೮೫೬ರಲ್ಲಿ ಚಾರ್ಲ್ಸ್ ಕೀನನು ಲಂಡನ್ನಿನ ಪ್ರಿನ್ಸೆಸ್ ರಂಗಮಂದಿರದಲ್ಲಿ, ಇಂಕರ ವೇಷಭೂಷಣಗಳನ್ನು ಶೋಧಿಸಿ, ವೈಭವದಿಂದ ಪ್ರದರ್ಶಿಸಿದನು. ಕೊಟ್ಸೆಬೂ ಮಾತ್ರ ೧೮೧೯ರಲ್ಲಿಯೇ ಮ್ಯಾನ್‌ಹೈಮ್ ಪಟ್ಟಣದಲ್ಲಿ ಕಾರ್ಲ್ ಸಾಂಡ್ ಎಂಬ ವಿದ್ಯಾರ್ಥಿಯ ಕಠಾರಿಗೆ ಬಲಿಯಾಗಿದ್ದನು.

ವಿಮರ್ಶಕರು ‘ಪಿಜಾರೋ’ವನ್ನು ಆಡಂಬರದ ಶೈಲಿಗಾಗಿ ನಿಂದಿಸಿದ್ದಾರೆ. ಆ ನಿಂದೆ ಅನ್ಯಾಯವಲ್ಲ. ಆದರೂ ಪೆರುವಿನ ಹೆಸರಿನಲ್ಲಿ ಅಯೋಧ್ಯೆಯ ದುಃಖವನ್ನು ಹೊತ್ತು ತಂದ ಈ ಕೃತಿಯು, ರೂಪಾಂತರವೆಂಬುದು ಕೇವಲ ಭಾಷೆಯ ಬದಲಾವಣೆಯಲ್ಲವೆಂಬುದಕ್ಕೆ ಸಾಕ್ಷಿಯಾಗಿದೆ. ನುಡಿಯೊಂದರ ಅರ್ಥವನ್ನು ನಿರ್ಣಯಿಸುವವನು ಕವಿಯೊಬ್ಬನೇ ಅಲ್ಲ, ಸಭೆಯೂ ಹೌದು.