ಎರಡೂ ಸೈನ್ಯದಲ್ಲಿ ಮಕ್ಕಳಿದ್ದ ಮೇಷ್ಟ್ರು ಬರೆದ ಯುದ್ಧದ ನಿಯಮ

2019ರ ಫೆಬ್ರವರಿ ನೆನಪಿದೆಯಾ? ವಿಂಗ್ ಕಮಾಂಡರ್ ಅಭಿನಂದನ್ ಪಾಕಿಸ್ತಾನದ ವಶದಲ್ಲಿದ್ದರು. ಕೇಳಿದ ಪ್ರಶ್ನೆಗೆಲ್ಲ ಉತ್ತರ ಕೊಡಲ್ಲ ಅಂತ ಅವರು ಶಾಂತವಾಗಿ ಹೇಳಿದ ವಿಡಿಯೋ ನಮ್ಮೆಲ್ಲರ ವಾಟ್ಸಾಪ್‌ಗೂ ಬಂದಿತ್ತು. ಸೆರೆ ಸಿಕ್ಕವನು ಹಾಗೆ ಹೇಳಬಹುದು, ಅದಕ್ಕೆ ಅವನನ್ನ ಹೊಡೆಯೋ ಹಾಗಿಲ್ಲ. ಈ ಮಾತನ್ನ 1863ರಲ್ಲೇ ಸೈನ್ಯದ ಆದೇಶವಾಗಿ ಬರೆದುಕೊಟ್ಟವರು ಒಬ್ಬ ಕಾಲೇಜು ಮೇಷ್ಟ್ರು, ಫ್ರಾನ್ಸಿಸ್ ಲೀಬರ್. ಇವತ್ತು ಅವರ ಕಥೆ.

ಲೀಬರ್ ಹುಟ್ಟಿದ್ದು ಬರ್ಲಿನ್‌ನಲ್ಲಿ. 1815ರಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ನೆಪೋಲಿಯನ್ ವಿರುದ್ಧ ಹೋರಾಡಲು ಹೋಗಿ ನಾಮೂರ್ ಬಳಿ ಗುಂಡೇಟು ತಿಂದರು. ಆಮೇಲೆ ರಾಜಕೀಯ ವಿಚಾರಗಳಿಗಾಗಿ ಪ್ರಷ್ಯಾ ಸರ್ಕಾರ ಜೈಲಿಗೂ ಹಾಕಿತು. ಅಂದ್ರೆ ಯುದ್ಧ, ಸೆರೆ ಎರಡನ್ನೂ ಪುಸ್ತಕಕ್ಕಿಂತ ಮೊದಲು ಮೈಮೇಲೆ ಓದಿದವರು.

1827ರಲ್ಲಿ ಅಮೆರಿಕಕ್ಕೆ ಹೋದರು. ದಕ್ಷಿಣ ಕೆರೊಲಿನಾದ ಕಾಲೇಜಿನಲ್ಲಿ ಸುಮಾರು 20 ವರ್ಷ ಪಾಠ ಮಾಡಿದರು. ಒಂದು ವಿಷಯ ಮುಚ್ಚಿಡಬಾರದು: ಅಲ್ಲಿದ್ದಾಗ ಅವರ ಮನೆಯಲ್ಲೂ ಗುಲಾಮರಿದ್ದರು. 1857ರಲ್ಲಿ ನ್ಯೂಯಾರ್ಕ್‌ನ ಕೊಲಂಬಿಯಾಗೆ ಬಂದರು.

1861ರಲ್ಲಿ ಅಂತರ್ಯುದ್ಧ ಶುರುವಾಯ್ತು. ಮನೆಯೇ ಒಡೆದುಹೋಯ್ತು. ಹಿರಿಯ ಮಗ ಆಸ್ಕರ್ ದಕ್ಷಿಣದ ಸೈನ್ಯ ಸೇರಿದ, ಉಳಿದಿಬ್ಬರು ಉತ್ತರದ ಕಡೆ. 1862ರಲ್ಲಿ ಹ್ಯಾಮಿಲ್ಟನ್ ಫೋರ್ಟ್ ಡೊನೆಲ್ಸನ್ ಕದನದಲ್ಲಿ ಕೈ ಕಳೆದುಕೊಂಡ. ಅಪ್ಪ ಅವನನ್ನ ಹುಡುಕಿಕೊಂಡು ಗಾಯಾಳುಗಳ ಮಧ್ಯೆ ಅಲೆದರು. ಅದೇ ವರ್ಷ ಆಸ್ಕರ್ ಗಾಯಗೊಂಡು ತೀರಿಕೊಂಡ.

ಆಗಲೇ ಉತ್ತರದ ಸೇನಾಧಿಪತಿ ಹ್ಯಾಲೆಕ್ ಇವರ ಸಹಾಯ ಕೇಳಿದರು. ಯಾರು ಸೈನಿಕ, ಯಾರು ಡಕಾಯಿತ, ಸೆರೆ ಸಿಕ್ಕವರನ್ನ ಹೇಗೆ ನೋಡಿಕೊಳ್ಳಬೇಕು ಅನ್ನೋದು ಆಗ ದೊಡ್ಡ ಗೊಂದಲ. ಲೀಬರ್ ಮುಖ್ಯವಾಗಿ ಬರೆದ 157 ವಿಧಿಗಳು 1863ರ ಏಪ್ರಿಲ್ 24ರಂದು ಲಿಂಕನ್ ಸರ್ಕಾರದ 100ನೇ ಜನರಲ್ ಆರ್ಡರ್ ಆಗಿ ಹೊರಬಂದವು. ಶತ್ರು ಅನ್ನೋ ಕಾರಣಕ್ಕೇ ಕೈದಿಗೆ ಶಿಕ್ಷೆ ಇಲ್ಲ, ಹಸಿವಿನಿಂದ ಸೇಡು ತೀರಿಸಿಕೊಳ್ಳುವಂತಿಲ್ಲ, ಮಾಹಿತಿಗಾಗಿ ಹಿಂಸೆ ಕೂಡದು. 58ನೇ ವಿಧಿಯಂತೂ ಯುದ್ಧದ ಕಾನೂನಿಗೆ ಮೈಬಣ್ಣದ ಭೇದವಿಲ್ಲ ಅನ್ನುತ್ತೆ. ಒಂದು ಕಾಲದಲ್ಲಿ ಗುಲಾಮರನ್ನ ಇಟ್ಟುಕೊಂಡಿದ್ದ ಮನುಷ್ಯನೇ ಬರೆದದ್ದು!

ಹಾಗಂತ ಅದು ಪರಿಪೂರ್ಣ ಅಲ್ಲ. ಶತ್ರು ತಪ್ಪು ಮಾಡಿದರೆ ಅವನ ಕೈದಿಗಳ ಮೇಲೆ ಪ್ರತೀಕಾರಕ್ಕೆ ಅದರಲ್ಲಿ ಅವಕಾಶವಿತ್ತು. ಅದನ್ನ ನಿಷೇಧಿಸೋಕೆ 1929ರ ಜಿನೀವಾ ಒಪ್ಪಂದದವರೆಗೆ ಕಾಯಬೇಕಾಯ್ತು.

ಇನ್ನು ನಮ್ಮ ಫೀಲ್ಡಿನವರಿಗೆ ಗೊತ್ತಿರೋದೇ: ಡಾಕ್ಯುಮೆಂಟ್ ಚೆನ್ನಾಗಿದೆ ಅಂದ ಮಾತ್ರಕ್ಕೆ ಪ್ರೊಡಕ್ಷನ್ ಚೆನ್ನಾಗಿರಲ್ಲ. ಈ ಆದೇಶ ಉತ್ತರದ ಸೈನ್ಯಕ್ಕೆ ಮಾತ್ರ ಅನ್ವಯ. ಸೆರೆ ಸಿಕ್ಕ ಕಪ್ಪು ಸೈನಿಕರನ್ನ ಕೈದಿಗಳೆಂದು ಒಪ್ಪಲು ದಕ್ಷಿಣ ತಯಾರಿರಲಿಲ್ಲ. 1863ರಲ್ಲಿ ಕೈದಿಗಳ ವಿನಿಮಯ ನಿಲ್ಲೋಕೆ ಇದೇ ಮುಖ್ಯ ಕಾರಣ. ಶಿಬಿರಗಳು ತುಂಬಿ ತುಳುಕಿದವು. ಜಾರ್ಜಿಯಾದ ಆಂಡರ್ಸನ್‌ವಿಲ್ ಒಂದರಲ್ಲೇ ಸುಮಾರು 45,000 ಕೈದಿಗಳಲ್ಲಿ 13,000ದಷ್ಟು ಜನ ಹಸಿವು, ರೋಗದಿಂದ ಸತ್ತರು.

ಹಾಗಾದ್ರೆ ಬರೆದು ಏನು ಪ್ರಯೋಜನ? ಯುದ್ಧ ಮುಗಿದ ಮೇಲೆ ಆ ಶಿಬಿರದ ಕಮಾಂಡರ್ ಹೆನ್ರಿ ವಿರ್ಜ್ ಮೇಲೆ ಯುದ್ಧದ ನಿಯಮ ಮುರಿದ ಆರೋಪದಲ್ಲೇ ವಿಚಾರಣೆ ನಡೆದು, 1865ರ ನವೆಂಬರ್‌ನಲ್ಲಿ ಗಲ್ಲಾಯಿತು. ನಿಯಮ ಸಾವನ್ನ ತಡೀಲಿಲ್ಲ ನಿಜ. ಆದ್ರೆ ‘ಯುದ್ಧದಲ್ಲಿ ಇದೆಲ್ಲ ಮಾಮೂಲಿ’ ಅಂತ ಕೈತೊಳೆದುಕೊಳ್ಳೋಕೂ ಬಿಡಲಿಲ್ಲ.

ಲೀಬರ್ 1872ರಲ್ಲಿ ತೀರಿಕೊಂಡರು. ಅವರ ಬರಹದ ನೆರಳು 1899ರ ಹೇಗ್ ನಿಯಮಗಳ ಮೇಲೆ ಬಿತ್ತು, ಅಲ್ಲಿಂದ ಜಿನೀವಾವರೆಗೂ ಬಂತು. ಮುಂದಿನ ಸಲ ಶತ್ರು ಸೈನಿಕನೊಬ್ಬ ಸಿಕ್ಕಿಬಿದ್ದ ವಿಡಿಯೋ ಗ್ರೂಪಿಗೆ ಬಂದಾಗ, ಕಾಮೆಂಟ್ ಹಾಕೋ ಮುಂಚೆ ಈ ಮೇಷ್ಟ್ರನ್ನ ಒಮ್ಮೆ ನೆನೆಸಿಕೊಳ್ಳಿ. ಅವರ ಪಾಲಿಗೆ ಶತ್ರು ಸೈನ್ಯದಲ್ಲೂ ಮಗನಿದ್ದ.