ಕೂಟಶಾಸನವೂ ಅಂಗೈಯ ಸಂದೇಶವೂ

ಶ್ರಾವಕನ ಸತ್ಯಾಣುವ್ರತಕ್ಕೆ ಒದಗಬಹುದಾದ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಎಣಿಸಿ ಹೇಳುತ್ತದೆ. ಅವುಗಳಲ್ಲಿ ಮೊದಲನೆಯದು ಮಿಥ್ಯೋಪದೇಶ. ಮೂರನೆಯದು ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರಹವನ್ನು ಸಿದ್ಧಪಡಿಸುವುದು. ನಕಲಿ ದಾನಪತ್ರವನ್ನು ಶಾಸನತಜ್ಞರು ‘ಕೂಟಶಾಸನ’ವೆಂದು ಕರೆಯುವಾಗ ಬಳಸುವುದೂ ಇದೇ ಪದವನ್ನು. ಸುಳ್ಳು ಬರಹವು ನಮ್ಮ ಕಾಲದ ಸೃಷ್ಟಿಯಲ್ಲವೆಂಬುದಕ್ಕೆ ಈ ಹಳೆಯ ಪದವೇ ಸಾಕ್ಷಿ. ಅಂತರ್ಜಾಲವು ಅದಕ್ಕೆ ವೇಗವನ್ನು ಕೊಟ್ಟಿದೆ. ಬರೆದವನ ಹೆಸರನ್ನೂ ಬರೆದ ಕಾಲವನ್ನೂ ಅಳಿಸಿಬಿಟ್ಟಿದೆ. ಆದುದರಿಂದ ಬರಹಗಳನ್ನು ಪರೀಕ್ಷಿಸಲು ಇತಿಹಾಸಕಾರರು ಕಂಡುಕೊಂಡ ಕ್ರಮವನ್ನು ಸಾಮಾನ್ಯ ಓದುಗರೂ ಅರಿಯುವುದು ಇಂದು ಅವಶ್ಯವಾಗಿದೆ.

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯಲ್ಲಿ ಝಳಕಿ ಇದೆ. ಇಂಡಿ ತಾಲೂಕಿನ ಸಾಲೋಟಗಿಯು ಶಾಸನಪ್ರಸಿದ್ಧವಾದ ಗ್ರಾಮ. “ಸಾಲೋಟಗಿಯಲ್ಲಿ ಸಾವಿರ ವರ್ಷಗಳ ಹಿಂದೆ ನೂರಾರು ವಿದ್ಯಾರ್ಥಿಗಳ ವಿಶ್ವವಿದ್ಯಾಲಯವಿತ್ತು” ಎಂಬ ಸಂದೇಶವೊಂದು ಝಳಕಿಯ ತರುಣನ ಮೊಬೈಲಿಗೆ ಬಂದಿತೆನ್ನೋಣ. ಅವನು ಇದನ್ನು ನಂಬಬೇಕೆ?

ಸಾಲೋಟಗಿಯ ಕಂಬದ ಮೇಲಿನ ಸಂಸ್ಕೃತ ಶಾಸನವು ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ್ದು. ಅವನ ಮಂತ್ರಿ ನಾರಾಯಣನು ಶಾಲೆಯನ್ನು ಕಟ್ಟಿಸಿದನೆಂದೂ ಬೇರೆ ಬೇರೆ ಜನಪದಗಳಿಂದ ಬಂದ ವಿದ್ಯಾರ್ಥಿಗಳು ಅಲ್ಲಿದ್ದರೆಂದೂ ಅವರಿಗಾಗಿ 27 ನಿವೇಶನಗಳನ್ನೂ ಭೂಮಿಯನ್ನೂ ಬಿಡಲಾಯಿತೆಂದೂ ಅದರಿಂದ ತಿಳಿಯುತ್ತದೆ. ಇಷ್ಟು ಶಿಲೆಯ ಮಾತು. ವಿದ್ಯಾರ್ಥಿಗಳ ಸಂಖ್ಯೆಯು ದತ್ತಿಯ ಗಾತ್ರವನ್ನು ನೋಡಿ ವಿದ್ವಾಂಸರು ಮಾಡಿದ ಊಹೆ. ‘ವಿಶ್ವವಿದ್ಯಾಲಯ’ವೆಂಬುದು ನಮ್ಮ ಕಾಲದ ಪದ. ಸಾಕ್ಷ್ಯ, ಊಹೆ, ಅಲಂಕಾರ ಈ ಮೂರನ್ನು ಬೇರ್ಪಡಿಸುವುದೇ ಪರೀಕ್ಷೆಯ ಮೊದಲ ಮೆಟ್ಟಿಲು.

ಶಿಲೆಯನ್ನಾದರೂ ನಂಬುವುದು ಹೇಗೆ? ಶಕ 867ರ ಭಾದ್ರಪದ ಅಮಾವಾಸ್ಯೆ, ಮಂಗಳವಾರ, ಸೂರ್ಯಗ್ರಹಣವೆಂದು ಶಾಸನವು ತನ್ನ ಕಾಲವನ್ನು ಹೇಳುತ್ತದೆ. ಗಣಿತ ಮಾಡಿ ನೋಡಿದರೆ ಅದು ಕ್ರಿ.ಶ. 945ರ ಸೆಪ್ಟೆಂಬರ್ 9ಕ್ಕೆ ಸರಿಹೊಂದುತ್ತದೆ. ಅಂದು ಮಂಗಳವಾರವೂ ಹೌದು, ಅಮಾವಾಸ್ಯೆಯೂ ಹೌದು. ಆಕಾಶವು ಯಾರ ಪಕ್ಷವನ್ನೂ ವಹಿಸದ ಸಾಕ್ಷಿಯಷ್ಟೆ.

ಎಲ್ಲ ಶಾಸನಗಳೂ ಇಂಥ ಪರೀಕ್ಷೆಯಲ್ಲಿ ಗೆಲ್ಲುವುದಿಲ್ಲ. ಮುಂಬಯಿ ಪ್ರಾಂತದಲ್ಲಿ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ ಅವರು 1901ರಲ್ಲಿ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಕೂಟಶಾಸನಗಳ ಒಂದು ಪಟ್ಟಿಯನ್ನೇ ಪ್ರಕಟಿಸಿದರು. ಲಿಪಿಯು ಹೇಳಿಕೊಂಡ ಕಾಲಕ್ಕೆ ಒಪ್ಪುವುದೆ, ತಿಥಿವಾರಗಳು ಕೂಡುವುವೆ, ವಂಶಾವಳಿಯು ಇತರ ಶಾಸನಗಳಿಗೆ ಹೊಂದುವುದೆ ಎಂಬಿವು ಅವರ ಒರೆಗಲ್ಲುಗಳು. ಜೈನರಾದ ನಾವು ವಿಶೇಷವಾಗಿ ಗಮನಿಸಬೇಕಾದುದು ಕೊಲ್ಹಾಪುರ ಸೀಮೆಯ ಆಳತೆಯ ತಾಮ್ರಪಟಗಳನ್ನು. ಚಾಲುಕ್ಯ ಒಂದನೆಯ ಪುಲಕೇಶಿಯ ಕಾಲದಲ್ಲಿ, ಶಕ 411ರಲ್ಲಿ, ಜಿನಾಲಯಕ್ಕೆ ದಾನವಾಯಿತೆಂದು ಅವು ಸಾರುತ್ತವೆ. ನಮ್ಮ ಧರ್ಮದ ಹಿರಿಮೆಗೆ ಇದೊಂದು ಹಳೆಯ ಆಧಾರವೆಂದು ಯಾರಿಗಾದರೂ ಹಿಗ್ಗಾದೀತು. ಆದರೆ ಅವುಗಳ ಲಿಪಿ ಅನಂತರದ ಶತಮಾನಗಳದು. ಆರ್. ಎಸ್. ಪಂಚಮುಖಿಯವರು ಸಂಪಾದಿಸಿದ ಬಾದಾಮಿಯ ಬಂಡೆಶಾಸನವು ಇದೇ ಅರಸನು ಕೋಟೆಯನ್ನು ಕಟ್ಟಿಸಿದ ಕಾಲವನ್ನು ಶಕ 465, ಎಂದರೆ ಕ್ರಿ.ಶ. 543 ಎಂದು ಸ್ಪಷ್ಟಪಡಿಸಿದೆ. ನಡುವೆ 54 ವರ್ಷಗಳ ಅಂತರ. ಆಳತೆಯ ಪಟಗಳನ್ನು ವಿದ್ವಾಂಸರು ಕೂಟಶಾಸನವೆಂದೇ ತೀರ್ಮಾನಿಸಿದ್ದಾರೆ. ಅವು ಪುಲಕೇಶಿಯ ಕಾಲಕ್ಕೆ ಸಾಕ್ಷಿಯಾಗಲಾರವು. ತಮ್ಮನ್ನು ಬರೆಸಿದವರ ಕಾಲಕ್ಕೆ, ಅವರ ಅಗತ್ಯಕ್ಕೆ ಸಾಕ್ಷಿಯಾದಾವು.

ಇದರಿಂದ ನಮ್ಮ ಪರಂಪರೆಗೆ ನಷ್ಟವೇನೂ ಇಲ್ಲ. ಬಾಗಲಕೋಟೆ ಜಿಲ್ಲೆಯ ಐಹೊಳೆಯ ಮೇಗುಟಿಯಲ್ಲಿ ಜಿನಾಲಯವನ್ನು ಕಟ್ಟಿಸಿದ ರವಿಕೀರ್ತಿಯ ಶಾಸನವಿದೆ. ಕಾಲ ಶಕ 556, ಎಂದರೆ ಕ್ರಿ.ಶ. 634. ರವಿಕೀರ್ತಿಯು ಇಮ್ಮಡಿ ಪುಲಕೇಶಿಯ ಆಶ್ರಯದಲ್ಲಿದ್ದವನು; ಹರ್ಷನ ಹರ್ಷವನ್ನು ತನ್ನ ಒಡೆಯನು ಅಡಗಿಸಿದನೆಂಬ ಅವನ ಮಾತು ಬರಿಯ ಹೊಗಳಿಕೆಯಾಗಿರಬಹುದಿತ್ತು. ಆದರೆ ಚೀನಾದ ಬೌದ್ಧ ಯಾತ್ರಿಕ ಹ್ಯುಯೆನ್‌ತ್ಸಾಂಗನು ಹರ್ಷನಿಂದಲೇ ಮನ್ನಣೆ ಪಡೆದಿದ್ದವನಾದರೂ ಈ ನಾಡಿನ ಅರಸನು ಹರ್ಷನಿಗೆ ಮಣಿಯಲಿಲ್ಲವೆಂದೇ ಬರೆದಿಟ್ಟನು. ಪರಸ್ಪರ ಸಂಬಂಧವಿಲ್ಲದ ಇಬ್ಬರು ಒಂದೇ ಸಂಗತಿಯನ್ನು ಹೇಳಿದಾಗ ಅದಕ್ಕೆ ಬಲ ಬರುತ್ತದೆ. ಒಂದೇ ಸಂದೇಶವು ನೂರು ಜನರಿಂದ ಬಂದರೆ ಅದು ನೂರು ಸಾಕ್ಷ್ಯವಾಗುವುದಿಲ್ಲ. ಒಂದೇ ಮಾತಿನ ನೂರು ಪ್ರತಿಯಾಗುತ್ತದೆ.

ಅನೇಕಾಂತವು ಎಲ್ಲ ಹೇಳಿಕೆಗಳನ್ನೂ ಸಮವೆಂದು ಒಪ್ಪಿಕೊಳ್ಳುವುದಲ್ಲ. ಯಾವ ನಯದಿಂದ, ಯಾವ ಮಿತಿಯಲ್ಲಿ ಒಂದು ಮಾತು ಸತ್ಯವೆಂದು ವಿಚಾರಿಸುವುದು. ಆದುದರಿಂದ ಅಂತರ್ಜಾಲದ ಬರಹ ಕೈಗೆ ಬಂದಾಗ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಬರೆದವರಾರು? ಯಾವಾಗ? ಮೂಲ ಆಧಾರವನ್ನು ನೋಡಲು ದಾರಿಯಿದೆಯೆ? ಇದಕ್ಕೆ ಸಂಬಂಧವಿಲ್ಲದ ಬೇರೊಬ್ಬರು ಇದನ್ನೇ ಹೇಳಿದ್ದಾರೆಯೆ? ಉತ್ತರ ದೊರೆಯದಿದ್ದರೆ ಇತರರಿಗೆ ಕಳುಹಿಸದಿರುವುದೇ ಲೇಸು. ಓದಿ ಹಿಗ್ಗುಂಟಾದರಂತೂ ಮತ್ತೊಮ್ಮೆ ಪರೀಕ್ಷಿಸಬೇಕು. ನಮಗೆ ಪ್ರಿಯವಾದ ಸುಳ್ಳನ್ನು ಪರೀಕ್ಷಿಸುವ ಹೊಣೆಯನ್ನು ಬೇರೆ ಯಾರೂ ನಮಗಾಗಿ ಹೊರುವುದಿಲ್ಲ. ಕೂಟಲೇಖವನ್ನು ಬರೆದವನ ದೋಷ ದೊಡ್ಡದು, ನಿಜ. ತಿಳಿದೂ ಅದನ್ನು ಹರಡಿದವನು ಆ ದೋಷದಲ್ಲಿ ಪಾಲುದಾರನು. ವಿಚಾರಿಸದೆ ಹರಡಿದವನು ಪ್ರಮಾದದಿಂದ ಮುಕ್ತನಲ್ಲ.